ಪಹಣಿ ಇರುವ ಡಿಸ್ಕ್ ಕೆಟ್ಟರೆ?

ಸತ್ತೇಗಾಲದ ರೈತನೊಬ್ಬ ಬೆಳೆಸಾಲಕ್ಕೆ ಅರ್ಜಿ ಹಾಕಬೇಕೆಂದರೆ ಮೊದಲು ಬೇಕಾಗುವುದು ಪಹಣಿ. ಸರ್ವೆ ನಂಬರು, ವಿಸ್ತೀರ್ಣ, ಒಡೆಯನ ಹೆಸರು, ಬೆಳೆ, ಜಮೀನಿನ ಮೇಲಿರುವ ಸಾಲ ಎಲ್ಲವೂ ಅದರಲ್ಲಿರುತ್ತವೆ. ಹಿಂದೆ ಇದು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಮೊದಮೊದಲು ಈ ಮಾಹಿತಿ ಆಯಾ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲಿತ್ತು. ಬಳಿಕ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಹೋಯಿತು.

ಕೊಳ್ಳೇಗಾಲ ಸೀಮೆ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅಲ್ಲಿಂದ ಮೈಸೂರು ಜಿಲ್ಲೆಗೆ, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿತು. ರಾಜ್ಯ ಬದಲಾಗಬಹುದು, ಜಿಲ್ಲೆ ಬದಲಾಗಬಹುದು. ಹೊಲದ ದಾಖಲೆ ಮಾತ್ರ ಉಳಿಯಲೇಬೇಕು. ಅಂಥ ದಾಖಲೆ ಇರುವ ಡಿಸ್ಕ್ ಒಂದು ದಿನ ಕೆಟ್ಟು ನಿಂತರೆ ಗತಿಯೇನು?

ಡಿಸ್ಕ್ ಕೆಡುವುದು ಅಪರೂಪದ ಸಂಗತಿಯಲ್ಲ. ಹಾರ್ಡ್ ಡಿಸ್ಕಿನೊಳಗೆ ಕಾಂತೀಯ ಲೇಪನವಿರುವ ತಟ್ಟೆಗಳು ನಿಮಿಷಕ್ಕೆ 7,200 ಅಥವಾ ಅದಕ್ಕೂ ಹೆಚ್ಚು ಸುತ್ತು ತಿರುಗುತ್ತವೆ. ಅವುಗಳ ಮೇಲೆ, ತಲೆಗೂದಲ ದಪ್ಪಕ್ಕಿಂತ ಸಾವಿರಾರು ಪಟ್ಟು ಕಿರಿದಾದ ಅಂತರದಲ್ಲಿ, ಓದುವ ತಲೆ ಓಡಾಡುತ್ತದೆ. ಹಗಲಿರುಳೂ ತಿರುಗುವ ಯಂತ್ರ ಎಂದಾದರೂ ಸವೆಯಲೇಬೇಕು. ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿಗಳೂ ಬರೆದು ಬರೆದು ಸವೆಯುತ್ತವೆ.

1988ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕಾಟ್ಜ್ ಒಂದು ಪ್ರಬಂಧ ಪ್ರಕಟಿಸಿದರು. ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಪುಟ್ಟ ಡಿಸ್ಕುಗಳನ್ನು ಒಟ್ಟಿಗೆ ದುಡಿಸಬಹುದು ಎಂಬುದು ಅವರ ವಿಚಾರ. ಅದಕ್ಕೆ ಅವರಿಟ್ಟ ಹೆಸರು ‘ರೇಡ್’. ಅಗ್ಗದ ಡಿಸ್ಕುಗಳ, ಹೆಚ್ಚುವರಿ ಆಸರೆಯುಳ್ಳ ಕೂಟ ಎಂದು ಅದರ ಅರ್ಥ.

ಇದರಲ್ಲೊಂದು ತೊಡಕಿತ್ತು. ಆಗಿನ ಒಂದು ಪುಟ್ಟ ಡಿಸ್ಕ್ ಸರಾಸರಿ 30,000 ಗಂಟೆ ಬಾಳುತ್ತದೆ ಎಂದಿಟ್ಟುಕೊಳ್ಳಿ. ಅಂಥ ನೂರು ಡಿಸ್ಕುಗಳಿದ್ದರೆ ಅವುಗಳಲ್ಲಿ ಯಾವುದಾದರೊಂದು ಕೆಡಲು ಸರಾಸರಿ 30,000 ಭಾಗಿಸು 100, ಅಂದರೆ 300 ಗಂಟೆ ಸಾಕು. ಎರಡು ವಾರವೂ ಆಗಲಿಲ್ಲ! ಡಿಸ್ಕುಗಳ ಸಂಖ್ಯೆ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಆದ್ದರಿಂದ ಒಂದು ಕೆಟ್ಟರೂ ಮಾಹಿತಿ ಕೆಡದಂತೆ ನೋಡಿಕೊಳ್ಳುವುದೇ ಈ ಪ್ರಬಂಧದ ತಿರುಳಾಯಿತು.

ಡಿಸ್ಕುಗಳನ್ನು ಜೋಡಿಸುವ ಬಗೆಗಳು ಹಲವು. ‘ರೇಡ್ 0’ ವಿಧಾನದಲ್ಲಿ ಮಾಹಿತಿಯನ್ನು ತುಂಡರಿಸಿ ಎಲ್ಲ ಡಿಸ್ಕುಗಳಿಗೂ ಹಂಚಲಾಗುತ್ತದೆ. ಸತ್ತೇಗಾಲದ ಬಳಿ ಕಾವೇರಿ ಎರಡು ಕವಲಾಗಿ ಶಿವನಸಮುದ್ರವನ್ನು ಬಳಸಿ, ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಧುಮುಕಿ ಮತ್ತೆ ಒಂದಾಗುವಂತೆ, ಇಲ್ಲಿಯೂ ತುಂಡುಗಳು ಏಕಕಾಲಕ್ಕೆ ಹರಿದು ಬಂದು ಕೂಡುತ್ತವೆ. ಆದ್ದರಿಂದ ವೇಗ ಹೆಚ್ಚು. ಹೋಲಿಕೆ ಅಷ್ಟಕ್ಕೇ ಮುಗಿಯಿತು. ನದಿಯ ಒಂದು ಕವಲು ಬತ್ತಿದರೆ ಇನ್ನೊಂದರಲ್ಲಾದರೂ ನೀರಿರುತ್ತದೆ. ರೇಡ್ 0ಯಲ್ಲಿ ಒಂದು ಡಿಸ್ಕ್ ಹೋದರೆ ಎಲ್ಲವೂ ಹೋದಂತೆಯೇ. ಅರ್ಧ ಹರಿದ ಪಹಣಿ ಯಾರಿಗೆ ಬೇಕು?

‘ರೇಡ್ 1’ ಕನ್ನಡಿಯಂತೆ. ಒಂದು ಡಿಸ್ಕಿನಲ್ಲಿ ಬರೆದದ್ದನ್ನೆಲ್ಲ ಆ ಕ್ಷಣವೇ ಇನ್ನೊಂದರಲ್ಲೂ ಬರೆಯುತ್ತದೆ. ಸುರಕ್ಷಿತ ನಿಜ, ಆದರೆ ಎರಡು ಡಿಸ್ಕ್ ಕೊಂಡರೂ ಒಂದರಷ್ಟೇ ಜಾಗ.

ಇವೆರಡರ ನಡುವಿನ ಜಾಣ ದಾರಿ ‘ರೇಡ್ 5’. ಇದರ ಗುಟ್ಟು ಎಂಟನೆಯ ತರಗತಿಯ ವಿದ್ಯಾರ್ಥಿಗೂ ತಿಳಿಯುವಂಥದು. ಕಂಪ್ಯೂಟರಿನ ಎಲ್ಲ ಮಾಹಿತಿಯೂ ಕೊನೆಗೆ 0 ಮತ್ತು 1ಗಳೇ. ಮೂರು ಡಿಸ್ಕುಗಳಲ್ಲಿ ಹೀಗೆ ಬರೆದಿದೆ ಎನ್ನಿ:

ಮೊದಲನೆಯದು: 1 0 1 1
ಎರಡನೆಯದು: 0 1 1 0
ಮೂರನೆಯದು: 1 1 0 0

ಈಗ ಮೇಲಿಂದ ಕೆಳಕ್ಕೆ ಒಂದೊಂದು ಸಾಲಿನಲ್ಲೂ ಎಷ್ಟು 1ಗಳಿವೆ ಎಂದು ಎಣಿಸಿ. ಸಮಸಂಖ್ಯೆ ಇದ್ದರೆ 0, ಬೆಸಸಂಖ್ಯೆ ಇದ್ದರೆ 1 ಎಂದು ನಾಲ್ಕನೆಯ ಡಿಸ್ಕಿನಲ್ಲಿ ಬರೆಯಿರಿ. ಅಲ್ಲಿ 0 0 0 1 ಎಂದು ಬರುತ್ತದೆ. ಇದಕ್ಕೆ ಪ್ಯಾರಿಟಿ ಎಂದು ಹೆಸರು.

ಎರಡನೆಯ ಡಿಸ್ಕ್ ಸುಟ್ಟುಹೋಯಿತು ಎನ್ನಿ. ಉಳಿದ ಮೂರರಲ್ಲಿ ಅದೇ ರೀತಿ ಎಣಿಸಿ. ಮೊದಲ ಸಾಲಿನಲ್ಲಿ 1, 1, 0 ಇವೆ. 1ಗಳು ಎರಡು, ಸಮಸಂಖ್ಯೆ. ಆದ್ದರಿಂದ ಕಳೆದುಹೋದದ್ದು 0. ಎರಡನೆಯ ಸಾಲಿನಲ್ಲಿ 0, 1, 0, ಬೆಸ, ಕಳೆದದ್ದು 1. ಹೀಗೆ ಮುಂದುವರಿಸಿದರೆ 0 1 1 0 ಮರಳಿ ಸಿಗುತ್ತದೆ. ಒಂದು ಡಿಸ್ಕಿನಷ್ಟು ಜಾಗ ಬಿಟ್ಟುಕೊಟ್ಟದ್ದಕ್ಕೆ, ನಾಲ್ಕರಲ್ಲಿ ಯಾವುದೇ ಒಂದು ಕೆಟ್ಟರೂ ಮಾಹಿತಿ ಉಳಿಯಿತು. ನಿಜವಾದ ರೇಡ್ 5ರಲ್ಲಿ ಪ್ಯಾರಿಟಿಯನ್ನು ಒಂದೇ ಡಿಸ್ಕಿನಲ್ಲಿಡದೆ ನಾಲ್ಕಕ್ಕೂ ಸರದಿಯಂತೆ ಹಂಚುತ್ತಾರೆ. ಬರೆಯುವ ಹೊರೆ ಒಂದರ ಮೇಲೆಯೇ ಬೀಳಬಾರದೆಂದು ಈ ಏರ್ಪಾಡು.

ಈ ಕೆಲಸವನ್ನೆಲ್ಲ ಸರ್ವರ್‌ನಲ್ಲಿರುವ ನಿಯಂತ್ರಕ ಕಾರ್ಡ್ ಅಥವಾ ಒಂದು ತಂತ್ರಾಂಶ ಮಾಡುತ್ತದೆ. ಅದು ಡಿಸ್ಕುಗಳನ್ನು ಕೂಡಿಸಿ ಮೊದಲು ‘ಅರೇ’ ಎಂಬ ಕೂಟ ಮಾಡುತ್ತದೆ. ಆಮೇಲೆ ಆ ಕೂಟವನ್ನು ಬೇಕಾದ ಅಳತೆಗೆ ವಿಂಗಡಿಸುತ್ತದೆ. ಆ ಒಂದೊಂದು ಭಾಗವೇ ‘ಲಾಜಿಕಲ್ ಡ್ರೈವ್’. ಒಂದೊಂದು ಟೆರಾಬೈಟಿನ ನಾಲ್ಕು ಡಿಸ್ಕುಗಳಿಂದ ರೇಡ್ 5ರಲ್ಲಿ ಮೂರು ಟೆರಾಬೈಟ್ ಜಾಗ ದೊರೆತರೆ, ಅದರಲ್ಲಿ ಸ್ವಲ್ಪವನ್ನು ಕಾರ್ಯಾಚರಣೆ ವ್ಯವಸ್ಥೆಗೂ ಉಳಿದುದನ್ನು ದಾಖಲೆಗಳಿಗೂ ಕೊಡಬಹುದು. ಕಂಪ್ಯೂಟರಿನ ಕಣ್ಣಿಗೆ ಕಾಣುವುದು ಎರಡು ಡಿಸ್ಕುಗಳು ಮಾತ್ರ. ಒಳಗೆ ನಾಲ್ಕಿವೆ ಎಂಬುದೇ ಅದಕ್ಕೆ ತಿಳಿಯದು.

ನಾಲ್ವರು ಅಣ್ಣತಮ್ಮಂದಿರು ತಮ್ಮ ಹೊಲಗಳ ನಡುವಿನ ಬದು ಒಡೆದು, ಮಣ್ಣನ್ನೆಲ್ಲ ಬೆರೆಸಿ, ಹೊಸ ಬದು ಹಾಕಿ ಎರಡು ತಾಕು ಮಾಡಿದಂತೆ ಇದು. ಪ್ರತಿ ತಾಕಿನಲ್ಲೂ ನಾಲ್ವರ ಮಣ್ಣೂ ಇದೆ. ಅನೇಕರು ಎಡವುವುದು ಇಲ್ಲಿಯೇ. ಒಂದು ಲಾಜಿಕಲ್ ಡ್ರೈವಿನ ಕಡತಗಳನ್ನು ಇನ್ನೊಂದಕ್ಕೆ ನಕಲು ಮಾಡಿ, ಎರಡು ಕಡೆ ಇಟ್ಟಿದ್ದೇವೆಂದು ನಿಶ್ಚಿಂತರಾಗುತ್ತಾರೆ. ಎರಡೂ ಇರುವುದು ಅದೇ ಡಿಸ್ಕುಗಳ ಮೇಲೆ. ಕೂಟ ಕುಸಿದರೆ ಮೂಲವೂ ನಕಲೂ ಒಟ್ಟಿಗೇ ಹೋಗುತ್ತವೆ.

ಕೂಟ ಕುಸಿಯುವುದು ಹೇಗೆ? ಒಂದು ಡಿಸ್ಕ್ ಕೆಟ್ಟಾಗ ಸರ್ವರ್ ನಿಲ್ಲುವುದಿಲ್ಲ. ಎಚ್ಚರಿಕೆಯ ದೀಪ ಹೊತ್ತುತ್ತದೆ, ಅಷ್ಟೆ. ಕೆಟ್ಟದ್ದನ್ನು ತೆಗೆದು ಹೊಸದನ್ನು ಹಾಕಿದರೆ ಮೇಲಿನ ಲೆಕ್ಕದಂತೆ ಮಾಹಿತಿ ಮರುಭರ್ತಿಯಾಗುತ್ತದೆ. ದೊಡ್ಡ ಡಿಸ್ಕುಗಳಲ್ಲಿ ಇದಕ್ಕೆ ಹಲವು ಗಂಟೆ, ಕೆಲವೊಮ್ಮೆ ದಿನಗಳೇ ಬೇಕು. ಅಷ್ಟರೊಳಗೆ ಎರಡನೆಯದೂ ಕೆಟ್ಟರೆ ರೇಡ್ 5 ಕೈಚೆಲ್ಲುತ್ತದೆ. ಒಂದೇ ದಿನ ಕೊಂಡ ಡಿಸ್ಕುಗಳು ಹೆಚ್ಚುಕಡಿಮೆ ಒಟ್ಟಿಗೇ ಸವೆಯುವುದರಿಂದ ಈ ಭಯ ಬರಿಯ ಮಾತಲ್ಲ. ಎರಡು ಡಿಸ್ಕ್ ಕೆಟ್ಟರೂ ತಾಳುವ ‘ರೇಡ್ 6’ ಬಂದದ್ದು ಇದಕ್ಕಾಗಿಯೇ. ಆದರೆ ದೀಪ ಹೊತ್ತಿದ್ದನ್ನು ನೋಡುವವರೇ ಇಲ್ಲದಿದ್ದರೆ ಯಾವ ರೇಡ್ ಏನು ಮಾಡೀತು?

ಇನ್ನೊಂದು ಮಾತು ಎಲ್ಲಕ್ಕಿಂತ ಮುಖ್ಯ. ರೇಡ್ ಕಾಯುವುದು ಡಿಸ್ಕಿನ ಸಾವಿನಿಂದ ಮಾತ್ರ. ಯಾರೋ ತಪ್ಪಿ ಒಂದು ಕಡತ ಅಳಿಸಿದರೆ ಕನ್ನಡಿಯಲ್ಲೂ ಅದು ಆ ಕ್ಷಣವೇ ಅಳಿಯುತ್ತದೆ. ವೈರಸ್, ಸಿಡಿಲು, ಕಳ್ಳತನ, ಬೆಂಕಿ ಇವುಗಳ ಮುಂದೆ ರೇಡ್ ನಿರುಪಾಯ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಯಿಂದ ಬೆಂಕಿ ಹೊತ್ತಿತು. ಸರ್ಕಾರಿ ನೌಕರರು ಕಡತಗಳನ್ನಿಡುತ್ತಿದ್ದ ‘ಜಿ-ಡ್ರೈವ್’ನ 858 ಟೆರಾಬೈಟ್ ಮಾಹಿತಿ ನಾಶವಾಯಿತು. ಹೊರಗೆಲ್ಲೂ ಅದರ ಪ್ರತಿ ಇರಲಿಲ್ಲ. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶದಲ್ಲೇ ಹೀಗಾಯಿತು.

ಇದಕ್ಕೆ ಪರಿಹಾರ ಸರಳ: ಮಾಹಿತಿಯ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಬೇರೆ ಊರಿನಲ್ಲಿ. ಪ್ರತಿ ಇಟ್ಟರಷ್ಟೇ ಸಾಲದು; ಆಗಾಗ ತೆರೆದು ಓದಲು ಬರುತ್ತದೆಯೇ ಎಂದು ನೋಡಬೇಕು. ಈ ನಿಯಮ ದತ್ತಾಂಶ ಕೇಂದ್ರಕ್ಕಷ್ಟೇ ಅಲ್ಲ, ಮನೆಗೂ ಅನ್ವಯಿಸುತ್ತದೆ. ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಮೀನಿನ ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಚಿತ್ರ ಅಪ್ಪನ ಫೋನಿನಲ್ಲಿ ಮಾತ್ರ ಇದ್ದರೆ, ಫೋನು ನೀರಿಗೆ ಬಿದ್ದ ದಿನ ಅವೂ ಹೋದವು. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಊರಾಚೆಯ ನಂಬಿಕಸ್ತ ನೆಂಟರ ಮನೆಯಲ್ಲಿ ಇರಲಿ.

ವಿದ್ಯಾರ್ಥಿಗಳು ಇಂದು ಸಂಜೆ ನೋಟುಪುಸ್ತಕದಲ್ಲಿ 0 ಮತ್ತು 1ಗಳ ಮೂರು ಸಾಲು ಬರೆದು, ಪ್ಯಾರಿಟಿಯ ನಾಲ್ಕನೆಯ ಸಾಲು ಸೇರಿಸಲಿ. ಯಾವುದಾದರೊಂದು ಸಾಲನ್ನು ಅಳಿಸಿ ಗೆಳೆಯನ ಕೈಗೆ ಕೊಟ್ಟು, ಅದನ್ನು ಕಂಡುಹಿಡಿಯಲು ಹೇಳಲಿ. ಆಮೇಲೆ ಎರಡು ಸಾಲು ಅಳಿಸಿ ಕೊಡಲಿ. ಗೆಳೆಯ ಎಲ್ಲಿ ತಡವರಿಸುತ್ತಾನೋ ರೇಡ್ 5ರ ಮಿತಿಯೂ ಅಲ್ಲಿಯೇ.