ಸೂರ್ಯನ ಒಲೆಯ ಜಮಾ-ಖರ್ಚು

ಸಮುದ್ರದ ನೀರಿನಿಂದ ವಿದ್ಯುತ್ತು ಬರಲಿದೆ, ಇನ್ನು ಬಿಲ್ಲಿನ ಚಿಂತೆಯಿಲ್ಲ ಎಂಬ ಸುದ್ದಿ ಆಗಾಗ ಹಬ್ಬುತ್ತದೆ. ಗಿರಣಿಯ ಗೆಳೆಯರೂ ಅಂಗಡಿಯ ಮಿತ್ರರೂ ಇದರ ಹುರುಳೇನೆಂದು ತಿಳಿದಿರಬೇಕು.

ಕೈಗಾದಲ್ಲಿ ನಡೆಯುವುದು ಪರಮಾಣುವನ್ನು ಒಡೆಯುವ ಕೆಲಸ. ಸೂರ್ಯನಲ್ಲಿ ನಡೆಯುವುದು ಕೂಡಿಸುವ ಕೆಲಸ. ಜಲಜನಕದ ನಾಲ್ಕು ಬೀಜಗಳು ಹಂತಹಂತವಾಗಿ ಬೆಸೆದು ಒಂದು ಹೀಲಿಯಂ ಬೀಜವಾಗುತ್ತದೆ. ಆ ನಾಲ್ಕರ ತೂಕಕ್ಕಿಂತ ಈ ಒಂದರ ತೂಕ ನೂರಕ್ಕೆ 0.7ರಷ್ಟು ಕಡಿಮೆ. ಅಂಗಡಿಯಲ್ಲಾದರೆ ಇದನ್ನು ತೂಕದ ಮೋಸವೆನ್ನುತ್ತೇವೆ. ಅಲ್ಲಿ ಆ ಕಳೆದ ತೂಕವೇ ನಮ್ಮ ಬಿಸಿಲು. ಸೂರ್ಯ ಸೆಕೆಂಡಿಗೆ 40 ಲಕ್ಷ ಟನ್ನಿಗೂ ಮಿಕ್ಕಿ ಹೀಗೆ ಸವೆಯುತ್ತಾನೆ.

ಬೀಜಗಳು ಒಂದನ್ನೊಂದು ತಳ್ಳುತ್ತವೆ. ಅವನ್ನು ಕೂಡಿಸಲು ಭೂಮಿಯ ಮೇಲೆ 10 ಕೋಟಿ ಡಿಗ್ರಿಯಷ್ಟು ಕಾವು ಬೇಕು. ಯಾವ ಕುಲುಮೆ ತಾಳೀತು? ಆದುದರಿಂದ ಕಾಂತಶಕ್ತಿಯ ಬೇಲಿಯೊಳಗೆ ಉರಿಯನ್ನು ತೇಲಿಸಿ ಹಿಡಿಯುತ್ತಾರೆ, ಇಲ್ಲವೆ ಲೇಸರ್ ಬೆಳಕಿನಿಂದ ಹಿಂಡುತ್ತಾರೆ. ಲಂಗುಲಗಾಮಿಲ್ಲದೆ ಕೂಡಿಸುವುದನ್ನು ಮಾತ್ರ ಮನುಷ್ಯ 1952ರಲ್ಲೇ ಕಲಿತ. ಅದು ಜಲಜನಕ ಬಾಂಬು.

ಇನ್ನು 20 ವರ್ಷದೊಳಗೆ ಈ ಶಕ್ತಿ ಹತೋಟಿಗೆ ಬರುವುದೆಂದು ಹೋಮಿ ಭಾಭಾ 1955ರಲ್ಲಿ ಜಿನೀವಾದಲ್ಲಿ ನುಡಿದಿದ್ದರು. 70 ವರ್ಷವಾಯಿತು. 2022ರ ಡಿಸೆಂಬರಿನಲ್ಲಿ ಅಮೆರಿಕದ ಲಿವರ್‌ಮೋರ್ ಪ್ರಯೋಗಶಾಲೆಯವರು, ಹಾಕಿದ್ದಕ್ಕಿಂತ ಹೆಚ್ಚು ಪಡೆದೆವು ಎಂದರು. ಸಾಧನೆ ದೊಡ್ಡದೇ, ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಮೀಟರಿನ ಲೆಕ್ಕದಲ್ಲಿ ನೋಡೋಣ. ಗುರಿಗೆ ಬಿದ್ದ ಲೇಸರ್ ಬೆಳಕು ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು. ಹೊರಬಂದ ಶಕ್ತಿ ಒಂದು ಯೂನಿಟ್ಟಿಗೂ ಕಡಿಮೆ. ಆ ಲೇಸರನ್ನು ಬೆಳಗಿಸಲು ತಂತಿಯಿಂದ ಎಳೆದದ್ದೋ, 80 ಯೂನಿಟ್ಟಿಗೂ ಹೆಚ್ಚು! ಬಾಡಿಗೆ, ಕೂಲಿ ಬಿಟ್ಟು ಲಾಭ ಬರೆದುಕೊಳ್ಳುವ ವ್ಯಾಪಾರಿ ಎಷ್ಟು ದಿನ ಅಂಗಡಿ ನಡೆಸಿಯಾನು?

ಸಮುದ್ರದ ನೀರಿನ ಮಾತೂ ಅರ್ಧ ನಿಜ. ಈ ಒಲೆಗೆ ಬೇಕಾದ ಡ್ಯೂಟೀರಿಯಂ ನೀರಿನಲ್ಲಿದೆ. ಅದರ ಜೊತೆಗೆ ಬೇಕಾದ ಟ್ರಿಟಿಯಂ ಮಾಡಿಕೊಳ್ಳಬೇಕಾದ ವಸ್ತು.

ಫ್ರಾನ್ಸಿನ ಕದಾರಾಶ್‌ನಲ್ಲಿ ಕಟ್ಟುತ್ತಿರುವ ಈಟರ್ ಯಂತ್ರಕ್ಕೆ ಭಾರತವೂ ಪಾಲುದಾರ. ಅದನ್ನು ಸುತ್ತುವರಿಯುವ ಭಾರಿ ಉಕ್ಕಿನ ಪಾತ್ರೆಯ ಭಾಗಗಳು ತಯಾರಾದದ್ದು ಗುಜರಾತಿನ ಹಜೀರಾದಲ್ಲಿ. ದುಡಿಮೆ ನಮ್ಮವರದು, ಹಣ ನಮ್ಮ ತೆರಿಗೆಯದು. ಆ ಖರ್ಚು ಬೇಡವೆನ್ನುವವರಲ್ಲ ನಾವು. ಆದರೆ ಸರ್ಕಾರಗಳು ದಶಕಗಟ್ಟಲೆ ಸಾಕಿದ ಈ ವಿದ್ಯೆಯನ್ನು ತೋರಿಸಿ ಈಗ ಖಾಸಗಿ ಕಂಪನಿಗಳೂ ಬಂಡವಾಳ ಎತ್ತುತ್ತಿವೆ. ಒಲೆ ಹೊತ್ತಿದ ದಿನ ಯೂನಿಟ್ಟಿನ ದರ ಕಟ್ಟುವವರು ಯಾರೆಂಬುದನ್ನು ಇಂದೇ ಕರಾರಿನಲ್ಲಿ ಬರೆಸಿಕೊಳ್ಳಬೇಕೆಂಬುದು ನಮ್ಮ ಒತ್ತಾಯ.