ಕೆಂಪು ಔಷಧವೂ ಹೃದಯದ ಲೆಕ್ಕವೂ

ಕಾರ್ಕಳದಿಂದಲೂ ಕಾಪುವಿನಿಂದಲೂ ಬೆಳಗಿನ ಹೊತ್ತು ಮಣಿಪಾಲದ ಕಡೆಗೆ ಬರುವ ಬಸ್ಸುಗಳಲ್ಲಿ, ಆಸ್ಪತ್ರೆಯ ಕಾಗದಗಳ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ತಲೆಗೆ ಸೆರಗನ್ನೋ ವಸ್ತ್ರವನ್ನೋ ಸುತ್ತಿಕೊಂಡು ಕುಳಿತಿರತಕ್ಕ ರೋಗಿಗಳನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಮೂರು ವಾರಗಳಿಗೊಮ್ಮೆ ಬಂದು, ಕ್ಯಾನ್ಸರಿನ ಔಷಧವನ್ನು ರಕ್ತನಾಳದ ಮೂಲಕ ಪಡೆದು, ಸಂಜೆಯ ಬಸ್ಸಿಗೆ ಮರಳುವವರು ಇವರಲ್ಲಿ ಕೆಲವರು. ಹಿಂದೆ ಈ ಚಿಕಿತ್ಸೆಗೆ ಬೊಂಬಾಯಿಯಲ್ಲಿ 1941ರಲ್ಲಿ ತೆರೆದ ಟಾಟಾ ಆಸ್ಪತ್ರೆಗೋ, 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಗಂಟುಮೂಟೆ ಕಟ್ಟಿಕೊಂಡು ಹೋಗಬೇಕಾಗಿದ್ದ ನಮ್ಮ ಜನರಿಗೆ ಇಂದು ಮನೆಯಿಂದ ಒಂದೆರಡು ಗಂಟೆಯ ದಾರಿಯಲ್ಲಿ ಅದು ದೊರೆಯುತ್ತಿರುವುದು ಸಂತೋಷದ ವಿಷಯವೇ ಸರಿ. ಆದರೆ ಈ ಸಂತೋಷದ ಜೊತೆಗೇ ಹೇಳಬೇಕಾದ ಮಾತೊಂದುಂಟು. ಔಷಧದಿಂದ ಕೂದಲು ಉದುರಿದುದನ್ನು ಮನೆಯವರೆಲ್ಲರೂ ಕಾಣುತ್ತಾರೆ. ವಾಂತಿಯನ್ನೂ ನಿಶ್ಶಕ್ತಿಯನ್ನೂ ಕಾಣುತ್ತಾರೆ. ಅದೇ ಔಷಧದಿಂದ ಕೆಲವರ ಹೃದಯಕ್ಕೆ ತಗಲುವ ಪೆಟ್ಟನ್ನು ಮಾತ್ರ ಮನೆಯವರೂ ಕಾಣರು, ರೋಗಿಯೂ ಅರಿಯನು. ಅದನ್ನು ಕಾಣಬಲ್ಲ ಯಂತ್ರವೋ ನಮ್ಮಲ್ಲಿದೆ. ಅದನ್ನು ಕ್ರಮವಾಗಿ ಉಪಯೋಗಿಸುವ ಪದ್ಧತಿಯು ಎಲ್ಲೆಡೆಯೂ ನೆಲೆಗೊಂಡಿದೆಯೆ ಎಂಬುದೇ ನಮ್ಮ ಪ್ರಶ್ನೆ.

ಡಾಕ್ಸೊರುಬಿಸಿನ್ ಎಂಬ ಔಷಧವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸ್ತನದ ಕ್ಯಾನ್ಸರಿಗೂ, ದುಗ್ಧಗ್ರಂಥಿಗಳ ಕ್ಯಾನ್ಸರಿಗೂ, ಎಲುಬಿನ ಕೆಲವು ಗಡ್ಡೆಗಳಿಗೂ, ಮಕ್ಕಳ ರಕ್ತದ ಕ್ಯಾನ್ಸರಿಗೂ ಇದು ಬಹುಕಾಲದಿಂದ ಬಳಕೆಯಲ್ಲಿದೆ. ಇಟಲಿ ದೇಶದ ಒಂದು ಹಳೆಯ ಕೋಟೆಯ ಬಳಿಯ ಮಣ್ಣಿನಲ್ಲಿ ದೊರೆತ ಸೂಕ್ಷ್ಮಜೀವಿಯಿಂದ ಈ ಜಾತಿಯ ಔಷಧಗಳು ಹುಟ್ಟಿದವು; ಹತ್ತಿರದ ಏಡ್ರಿಯಾಟಿಕ್ ಸಮುದ್ರದ ನೆನಪಿಗೆ ಇದಕ್ಕೆ ಏಡ್ರಿಯಾಮೈಸಿನ್ ಎಂಬ ಹೆಸರೂ ಬಂತು. ಇದರ ಬಣ್ಣ ಕೆಂಪು. ಚುಚ್ಚಿದ ದಿನ ಮೂತ್ರವೂ ಕೆಂಪಾಗುವುದರಿಂದ, ತಿಳಿಸಿ ಹೇಳುವವರಿಲ್ಲದಿದ್ದರೆ ರೋಗಿಗಳು ರಕ್ತವೇ ಹೋಯಿತೆಂದು ಹೌಹಾರುವುದುಂಟು. ಇದು ಅಸಂಖ್ಯ ಪ್ರಾಣಗಳನ್ನು ಉಳಿಸಿದ ಔಷಧ. ಇದರ ಮೇಲೆ ಜನರಿಗೆ ಜುಗುಪ್ಸೆ ಹುಟ್ಟಿಸುವುದು ನಮ್ಮ ಉದ್ದೇಶವಲ್ಲವೆಂದು ಮೊದಲೇ ಸ್ಪಷ್ಟಪಡಿಸುತ್ತೇವೆ. ಆದರೆ ಕ್ಯಾನ್ಸರಿನ ಕಣಗಳನ್ನು ಕೊಲ್ಲುವ ಇದರ ಶಕ್ತಿಯು ಹೃದಯದ ಮಾಂಸಖಂಡವನ್ನೂ ನೋಯಿಸಬಲ್ಲುದು. ಚರ್ಮಕ್ಕೆ ಗಾಯವಾದರೆ ಹೊಸ ಚರ್ಮ ಬರುತ್ತದೆ, ಉದುರಿದ ಕೂದಲು ಮತ್ತೆ ಹುಟ್ಟುತ್ತದೆ. ಹೃದಯದ ಕಣಗಳು ಸತ್ತರೆ ಅವುಗಳ ಸ್ಥಾನದಲ್ಲಿ ಹೊಸವು ಹುಟ್ಟುವುದು ಇಲ್ಲವೆನ್ನುವಷ್ಟು ಕಡಿಮೆ.

ಈ ಹಾನಿಯ ಸ್ವಭಾವವನ್ನು ಉಡುಪಿಯವರಿಗೆ ತಿಳಿಯಹೇಳುವುದು ಕಷ್ಟವಲ್ಲ. ಡಾಕ್ಟರ್ ಟಿ. ಎಂ. ಎ. ಪೈಯವರು ತಮ್ಮ ಸಂಗಡಿಗರೊಂದಿಗೆ 1925ರಲ್ಲಿ ಸ್ಥಾಪಿಸಿದ ಬೇಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಮನೆಯ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಸ್ವೀಕರಿಸಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದುದು ನಮ್ಮ ಹಿರಿಯರಿಗೆಲ್ಲ ತಿಳಿದ ಸಂಗತಿ. ಆ ಬೇಂಕು 2020ರಲ್ಲಿ ಮತ್ತೊಂದರಲ್ಲಿ ಲೀನವಾಯಿತಾದರೂ ಪಿಗ್ಮಿ ಎಂಬ ಮಾತು ನಮ್ಮ ಪೇಟೆಗಳಲ್ಲಿ ಸತ್ತಿಲ್ಲ. ಕೆಂಪು ಔಷಧದ ಲೆಕ್ಕವೂ ಅಂಥದೇ. ಪ್ರತಿಯೊಂದು ಸಲದ ಪ್ರಮಾಣವೂ ಹೃದಯದ ಖಾತೆಗೆ ಜಮೆಯಾಗುತ್ತ ಹೋಗುತ್ತದೆ. ಹತ್ತು ವರ್ಷಗಳ ಮೇಲೆ ರೋಗ ಮರುಕಳಿಸಿದರೂ ಹಳೆಯ ಬಾಕಿ ಹಾಗೆಯೇ ಇರುತ್ತದೆ. ಸ್ತನದ ಕ್ಯಾನ್ಸರಿನಲ್ಲಿ ಶರೀರದ ವಿಸ್ತೀರ್ಣದ ಪ್ರತಿ ಚದರ ಮೀಟರಿಗೆ 60 ಮಿಲಿಗ್ರಾಮಿನಂತೆ 4 ಸಲ, ಒಟ್ಟು 240 ಮಿಲಿಗ್ರಾಂ ಕೊಡುವುದು ರೂಢಿಯಲ್ಲಿರುವ ಒಂದು ಕ್ರಮ. ಅಮೆರಿಕದ ವೈದ್ಯರು 2003ರಲ್ಲಿ ಪ್ರಕಟಿಸಿದ ಒಂದು ಪರಿಶೀಲನೆಯ ಮೇರೆಗೆ, ಈ ಮೊತ್ತ 400 ತಲುಪಿದಾಗ ನೂರರಲ್ಲಿ 5 ಮಂದಿಗೂ, 550 ತಲುಪಿದಾಗ 26 ಮಂದಿಗೂ, 700 ತಲುಪಿದಾಗ 48 ಮಂದಿಗೂ ಹೃದಯದ ವೈಫಲ್ಯ ಉಂಟಾಗುವ ಅಂದಾಜಿತ್ತು. ಮೊತ್ತ ಏರಿದಂತೆ ಅಪಾಯವು ಮೆಟ್ಟಲು ಹತ್ತುವುದಲ್ಲ, ಜಿಗಿಯುವುದು. ವಯಸ್ಸಾದವರಿಗೆ, ಎಳೆಯ ಮಕ್ಕಳಿಗೆ, ರಕ್ತದ ಒತ್ತಡವುಳ್ಳವರಿಗೆ, ಎದೆಯ ಎಡಭಾಗಕ್ಕೆ ವಿಕಿರಣ ಚಿಕಿತ್ಸೆಯನ್ನೂ ಪಡೆದವರಿಗೆ ಕಡಿಮೆ ಮೊತ್ತದಲ್ಲಿಯೇ ಅಪಾಯ ಒದಗಬಹುದು.

ಇನ್ನೂ ಕೇಡಿನ ಸಂಗತಿಯೆಂದರೆ ಹೃದಯದ ಸಹನಶಕ್ತಿ. ತನ್ನ ಬಲದಲ್ಲಿ ಒಂದು ಪಾಲನ್ನು ಕಳೆದುಕೊಂಡರೂ ಅದು ದೂರು ಹೇಳುವುದಿಲ್ಲ. ಉಳಿದ ಬಲದಿಂದ ಕೆಲಸ ನಡೆಸುತ್ತದೆ. ಮೆಟ್ಟಲು ಹತ್ತುವಾಗ ಏದುಸಿರು, ಕಾಲುಗಳಲ್ಲಿ ಬಾವು, ರಾತ್ರಿ ಮಲಗಲಾರದೆ ಎದ್ದು ಕೂರುವುದು, ಇವೆಲ್ಲ ಕಾಣಿಸಿಕೊಳ್ಳುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಮಿಲಾನ್ ನಗರದ ಕ್ಯಾನ್ಸರ್ ಸಂಸ್ಥೆಯ ವೈದ್ಯರು ಈ ವಿಷಯದಲ್ಲಿ ಮಾಡಿದ ಕೆಲಸವನ್ನು ನಮ್ಮ ಅಧಿಕಾರಿವರ್ಗದವರು ಗಮನಿಸತಕ್ಕದ್ದು. ಔಷಧದಿಂದ ಹೃದಯ ಕುಂದಿದ 201 ರೋಗಿಗಳ ಬಗೆಗೆ ಅವರು 2010ರಲ್ಲಿ ವರದಿ ಮಾಡಿದರು. ಕೀಮೊಥೆರಪಿ ಮುಗಿದು ಎರಡು ತಿಂಗಳೊಳಗೆ ಹೃದಯದ ಔಷಧವನ್ನು ಆರಂಭಿಸಿದವರಲ್ಲಿ ನೂರಕ್ಕೆ 64 ಮಂದಿಯ ಹೃದಯ ಪೂರ್ಣವಾಗಿ ಚೇತರಿಸಿತು. ಆರು ತಿಂಗಳು ಕಳೆದ ಮೇಲೆ ಆರಂಭಿಸಿದವರಲ್ಲಿ ಪೂರ್ಣವಾಗಿ ಚೇತರಿಸಿದವರು ಒಬ್ಬರೂ ಇರಲಿಲ್ಲ. 2015ರಲ್ಲಿ ಅವರೇ 2625 ರೋಗಿಗಳ ಮೇಲಿನ ಅವಲೋಕನವನ್ನು ಪ್ರಕಟಿಸಿದಾಗ, ನೂರಕ್ಕೆ 9 ಮಂದಿಯಲ್ಲಿ ಹಾನಿ ಕಂಡುಬಂದಿತ್ತು. ಆ ಪ್ರಕರಣಗಳಲ್ಲಿ ನೂರಕ್ಕೆ 98 ಮೊದಲನೆಯ ವರ್ಷದೊಳಗೇ ಗೊತ್ತಾದುವು. ಗೊತ್ತಾದುದು ರೋಗಿಗಳು ನರಳಿದುದರಿಂದಲ್ಲ, ಯಂತ್ರವಿಟ್ಟು ಮತ್ತೆ ಮತ್ತೆ ಹುಡುಕಿದುದರಿಂದ. ಇಲ್ಲಿ ಬೇಕಾದ ಔಷಧಗಳಾದರೂ ದುರ್ಲಭವಾದವಲ್ಲ. ಎನಾಲಾಪ್ರಿಲ್, ಕಾರ್ವೆಡಿಲಾಲ್ ಮೊದಲಾದ, ರಕ್ತದ ಒತ್ತಡಕ್ಕೆಂದು ಪೇಟೆಯ ಯಾವ ಔಷಧದಂಗಡಿಯಲ್ಲಾದರೂ ದೊರೆಯತಕ್ಕ ಮಾತ್ರೆಗಳು.

ಹುಡುಕುವ ಯಂತ್ರಕ್ಕೆ ಎಕೋ ಎಂದು ಹೆಸರು. ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಶಬ್ದವನ್ನು ಎದೆಯೊಳಕ್ಕೆ ಕಳುಹಿಸಿ, ಅದು ಮರಳಿ ಬರುವ ರೀತಿಯಿಂದ ಹೃದಯದ ಚಿತ್ರವನ್ನು ಬರೆಯುವ ವಿದ್ಯೆಯಿದು. ಮಲ್ಪೆಯ ದೋಣಿಗಾರರು ಮೀನಿನ ಹಿಂಡನ್ನು ಗುರುತಿಸಲು ನೀರಿನೊಳಕ್ಕೆ ಶಬ್ದವನ್ನು ಬಿಡುವ ಯಂತ್ರದ ತತ್ತ್ವವೂ ಇದೇ. ಸ್ವೀಡನ್ ದೇಶದ ಲುಂಡ್ ಎಂಬ ಊರಿನಲ್ಲಿ ವೈದ್ಯ ಎಡ್ಲರ್ ಮತ್ತು ಭೌತಶಾಸ್ತ್ರಜ್ಞ ಹರ್ಟ್ಸ್ ಎಂಬಿಬ್ಬರು, ಹಡಗುಕಟ್ಟೆಯಲ್ಲಿ ಲೋಹದ ಬಿರುಕುಗಳನ್ನು ಪರೀಕ್ಷಿಸಲು ಇರಿಸಿದ್ದ ಉಪಕರಣವನ್ನು ಕಂಡು, ಅದರಂಥದೊಂದನ್ನು ಎರವಲು ತಂದು 1953ರಲ್ಲಿ ಮೊಟ್ಟಮೊದಲು ಹೃದಯದ ಚಲನೆಯನ್ನು ದಾಖಲೆ ಮಾಡಿದರು. ಅದೇ ವರ್ಷವೇ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭವಾದುದು. ಇದು ಬರಿಯ ಕಾಕತಾಳೀಯವೆಂದು ನಾವು ಬಲ್ಲೆವು. ಆದರೂ ಹೇಳದಿರಲು ಮನಸ್ಸಾಗಲಿಲ್ಲ.

ಎಕೋ ಪರೀಕ್ಷೆಯಲ್ಲಿ ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ, ವಿಕಿರಣವಿಲ್ಲ. ಅರ್ಧ ಗಂಟೆಯ ಕೆಲಸ. ಹೃದಯದ ಎಡ ಹೃತ್ಕುಕ್ಷಿಯು ತನ್ನಲ್ಲಿ ತುಂಬಿದ ರಕ್ತದ ಎಷ್ಟು ಪಾಲನ್ನು ಒಂದು ಬಡಿತದಲ್ಲಿ ಹೊರಕ್ಕೆ ದೂಡುತ್ತದೆಂಬುದನ್ನು ಅದು ಅಳೆಯುತ್ತದೆ. ಆರೋಗ್ಯವಂತರಲ್ಲಿ ಇದು ನೂರಕ್ಕೆ ಸುಮಾರು 55ರಿಂದ 70. ಮೊದಲಿದ್ದುದಕ್ಕಿಂತ 10 ಅಂಶಗಳಿಗೂ ಮಿಕ್ಕಿ ಕುಸಿದು 50ಕ್ಕಿಂತ ಕೆಳಗಿಳಿದರೆ ಔಷಧದ ಹಾನಿಯಾಗಿದೆಯೆಂದು ವೈದ್ಯರು ಎಣಿಸುವ ವಾಡಿಕೆ. ಆದರೆ ಈ ಅಂಕ ಕುಸಿಯುವುದಕ್ಕೂ ಮುಂಚೆಯೇ ಗೋಡೆಯ ಬಿಗಿ ಸಡಿಲಾಗತೊಡಗುತ್ತದೆ. ಪ್ರತಿ ಬಡಿತದಲ್ಲಿ ಹೃತ್ಕುಕ್ಷಿಯ ಗೋಡೆಯು ಉದ್ದಕ್ಕೆ ಎಷ್ಟು ಕುಗ್ಗುತ್ತದೆಂಬುದನ್ನು ಚುಕ್ಕೆಚುಕ್ಕೆಯಾಗಿ ಹಿಂಬಾಲಿಸಿ ಅಳೆಯುವ ಹೊಸ ಕ್ರಮವೊಂದಿದೆ. ಸ್ಟ್ರೇನ್ ಎಂದು ಅದಕ್ಕೆ ಹೆಸರು. ಮೊದಲಿನ ಅಳತೆಗಿಂತ ಅದು ನೂರಕ್ಕೆ 15 ಪಾಲಿಗೂ ಹೆಚ್ಚು ತಗ್ಗಿದರೆ ಮುಂಬರುವ ಕೇಡಿನ ಸೂಚನೆಯೆಂದು ತಿಳಿಯಲಾಗುತ್ತದೆ. ಯುರೋಪಿನ ಹೃದ್ರೋಗ ವೈದ್ಯರ ಸಂಘವು 2022ರಲ್ಲಿ ಹೊರಡಿಸಿದ ಮಾರ್ಗದರ್ಶನದಲ್ಲಿ ಇದಕ್ಕೆ ಸ್ಥಾನ ದೊರೆತಿದೆ.

ಈ ಎರಡು ಅಳತೆಗಳಲ್ಲಿಯೂ ‘ಮೊದಲಿನ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಔಷಧ ಹನಿಯುವುದಕ್ಕೆ ಮುಂಚಿನ ಅಳತೆಯೇ ಇಲ್ಲದಿದ್ದರೆ ಆಮೇಲಿನದನ್ನು ಯಾವುದರೊಡನೆ ಹೋಲಿಸುವುದು? 52 ಎಂಬ ಅಂಕವು ಒಬ್ಬಳ ಹುಟ್ಟುಬಲವಾಗಿರಬಹುದು. ಮತ್ತೊಬ್ಬಳಲ್ಲಿ 66ರಿಂದ ಇಳಿದುದಾಗಿರಬಹುದು. ಕಾಗದದ ಮೇಲೆ ಇಬ್ಬರದೂ ಒಂದೇ. ಇದರ ಮೇಲೆ ಅಳೆಯುವ ಕೈಯ ಭೇದವೂ ಸೇರುತ್ತದೆ. ಸಾಧಾರಣ ಎಕೋವಿನಲ್ಲಿ, ಹೃದಯದಲ್ಲಿ ಏನೂ ಬದಲಾಗದಿದ್ದರೂ, ಇಂದಿನ ಅಂಕಕ್ಕೂ ಮೂರು ತಿಂಗಳ ಮೇಲಿನ ಅಂಕಕ್ಕೂ ಹತ್ತರಷ್ಟು ವ್ಯತ್ಯಾಸ ಬರುವುದುಂಟೆಂದು ತಜ್ಞರೇ ಒಪ್ಪಿದ್ದಾರೆ. ಹುಡುಕುವ ಕುಸಿತವೂ ಹತ್ತು, ಅಳತೆಯ ತಪ್ಪೂ ಹತ್ತು! ಆದುದರಿಂದ ಸಾಧ್ಯವಾದ ಮಟ್ಟಿಗೆ ಒಂದೇ ಯಂತ್ರದಲ್ಲಿ, ಒಂದೇ ಕ್ರಮದಲ್ಲಿ ಅಳೆಯಬೇಕು. ಕಾರ್ಕಳದಲ್ಲೊಮ್ಮೆ, ಮಂಗಳೂರಿನಲ್ಲೊಮ್ಮೆ, ಉಡುಪಿಯಲ್ಲೊಮ್ಮೆ ಮಾಡಿಸಿದ ಚೀಟಿಗಳನ್ನು ಒಟ್ಟುಗೂಡಿಸಿ ತೀರ್ಪು ಹೇಳುವುದು ಕಷ್ಟ. ಚಿತ್ರ ಸ್ಪಷ್ಟವಾಗದ ರೋಗಿಗಳಿಗೆ ಎಂ.ಆರ್.ಐ. ಪರೀಕ್ಷೆಯುಂಟಾದರೂ ಅದನ್ನು ಎಲ್ಲರಿಗೂ ವಿಧಿಸಲಾಗದು, ವೆಚ್ಚ ಅಂಥದು.

ಕೆಲವರು ಆಕ್ಷೇಪಿಸಬಹುದು: ಮನೆಯ ಒಡವೆ ಅಡವಿಟ್ಟು ಕ್ಯಾನ್ಸರಿನ ಚಿಕಿತ್ಸೆಗೆ ಬರುವವರ ಮೇಲೆ ಮತ್ತೊಂದು ಪರೀಕ್ಷೆಯ ಖರ್ಚನ್ನು ಏಕೆ ಹೊರಿಸುವುದು? ಹೃದಯದ ಮಾತೆತ್ತಿದರೆ ಹೆದರಿ ಚಿಕಿತ್ಸೆಯನ್ನೇ ಬಿಟ್ಟುಬಿಡಲಾರರೆ? ಎರಡನೆಯ ಆಕ್ಷೇಪದಲ್ಲಿ ಹುರುಳಿದೆ. ಭಯದಿಂದ ಔಷಧವನ್ನು ಅರ್ಧಕ್ಕೆ ನಿಲ್ಲಿಸಿದವನನ್ನು ಕ್ಯಾನ್ಸರು ಬಿಡುವುದಿಲ್ಲ. ಹೃದಯದ ಅಂಕ ಸ್ವಲ್ಪ ಇಳಿದೊಡನೆ ಚಿಕಿತ್ಸೆಯನ್ನು ನಿಲ್ಲಿಸುವ ವೈದ್ಯನೂ ಅದೇ ತಪ್ಪನ್ನು ಮಾಡಿದಂತೆ. ಪರೀಕ್ಷೆಯ ಉದ್ದೇಶ ಔಷಧವನ್ನು ತಪ್ಪಿಸುವುದಲ್ಲ, ಹೃದಯವನ್ನು ಕಾದುಕೊಂಡು ಔಷಧವನ್ನು ಪೂರ್ತಿಗೊಳಿಸುವುದು. ಇದಕ್ಕೆ ಕ್ಯಾನ್ಸರ್ ವೈದ್ಯರೂ ಹೃದ್ರೋಗ ವೈದ್ಯರೂ ಒಂದೇ ಮೇಜಿನ ಬಳಿ ಕುಳಿತು ವಿಚಾರಿಸಬೇಕಾಗುತ್ತದೆ. ಖರ್ಚಿನ ಆಕ್ಷೇಪಕ್ಕಾದರೋ ನಾವು ತಲೆಬಾಗಲಾರೆವು. ಹೃದಯ ಸೋತ ಮೇಲೆ ಆಸ್ಪತ್ರೆಯ ಹಾಸಿಗೆಯಲ್ಲಿ ಕಳೆಯುವ ಒಂದು ವಾರದ ವೆಚ್ಚದಲ್ಲಿ ಎಷ್ಟು ಎಕೋಗಳಾದಾವೆಂಬುದನ್ನು ಲೆಕ್ಕ ಬಲ್ಲವರು ತಾವೇ ಕಂಡುಕೊಳ್ಳಲಿ.

ಇದು ಕೆಂಪು ಔಷಧವೊಂದಕ್ಕೇ ಸಂಬಂಧಿಸಿದ ಮಾತಲ್ಲ. ಸ್ತನದ ಕ್ಯಾನ್ಸರಿನ ಒಂದು ಬಗೆಗೆ ಟ್ರಾಸ್ಟುಜುಮ್ಯಾಬ್ ಎಂಬ ಔಷಧವನ್ನು ಅಮೆರಿಕದವರು 1998ರಲ್ಲಿ ಬಳಕೆಗೆ ತಂದರು. ವಿದೇಶದಿಂದ ಬರುವಾಗ ಅದರ ಬೆಲೆ ಮಧ್ಯಮ ವರ್ಗದವರಿಗೂ ಎಟುಕದಂತಿತ್ತು. ಬೆಂಗಳೂರಿನ ಬಯೋಕಾನ್ ಕಂಪೆನಿಯು ಅದಕ್ಕೆ ಸಮಾನವಾದುದನ್ನು ತಯಾರಿಸಿ 2014ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ತಂದಿತು; 2017ರಲ್ಲಿ ಅಮೆರಿಕದ ಸರಕಾರವೂ ಅದಕ್ಕೆ ಒಪ್ಪಿಗೆಯಿತ್ತಿತು. ಕನ್ನಡನಾಡಿನಲ್ಲಿ ತಯಾರಾದ ಔಷಧವು ಅಮೆರಿಕದ ರೋಗಿಗಳಿಗೆ ಹೋಗುವುದೆಂದರೆ ಅಭಿಮಾನಪಡತಕ್ಕ ವಿಷಯವಲ್ಲವೆ? ಆದರೆ ಈ ಔಷಧವೂ ಹೃದಯವನ್ನು ಕುಗ್ಗಿಸಬಲ್ಲುದು. ಅದೃಷ್ಟವಶಾತ್ ಇದರ ಹಾನಿಯು ಸಾಮಾನ್ಯವಾಗಿ, ಸಕಾಲದಲ್ಲಿ ತಡೆದರೆ, ಮರಳಿ ಸರಿಹೋಗುವಂಥದು. ಅದಕ್ಕಾಗಿಯೇ ಮೂರು ತಿಂಗಳಿಗೊಮ್ಮೆ ಎಕೋ ಮಾಡಬೇಕೆಂಬ ನಿಯಮವಿದೆ. ಔಷಧವನ್ನು ಸುಲಭ ಬೆಲೆಗೆ ಒದಗಿಸಿದ ನಾಡು ಅದರ ಕಾವಲನ್ನೂ ಅಷ್ಟೇ ಸುಲಭವಾಗಿ ಒದಗಿಸಬೇಡವೆ?

ನಮಗೆ ಹೆಚ್ಚಿನ ಚಿಂತೆಯಿರುವುದು ಮಣಿಪಾಲದಲ್ಲಿ ಚಿಕಿತ್ಸೆ ನಡೆಯುವ ದಿನಗಳ ವಿಷಯವಾಗಿ ಅಲ್ಲ. ದೊಡ್ಡ ಆಸ್ಪತ್ರೆಯ ವೈದ್ಯರು ತಮ್ಮ ಕರ್ತವ್ಯವನ್ನು ಬಲ್ಲರು. ಚಿಕಿತ್ಸೆ ಮುಗಿದು, ಕೂದಲು ಮತ್ತೆ ಬೆಳೆದು, ರೋಗಿಯು ಕಾಪುವಿನ ತನ್ನ ಮನೆಗೋ ಕಾರ್ಕಳದ ಕಡೆಯ ತನ್ನ ತೋಟಕ್ಕೋ ಮರಳಿದ ಮೇಲಿನ ವರ್ಷಗಳ ಗತಿಯೇನು? ಆಗ ಅವಳಿಗೆ ಏದುಸಿರು ಬಂದರೆ ಊರಿನ ವೈದ್ಯನ ಬಳಿಗೆ ಹೋಗುತ್ತಾಳೆ. ಆತನು ದಮ್ಮೆಂದೋ, ರಕ್ತಹೀನತೆಯೆಂದೋ, ಪ್ರಾಯವಾಯಿತೆಂದೋ ಔಷಧ ಬರೆದಾನು. ಐದು ವರ್ಷಗಳ ಹಿಂದೆ ಅವಳಿಗೆ ಯಾವ ಔಷಧ ಎಷ್ಟು ಮಿಲಿಗ್ರಾಂ ಹೋಗಿತ್ತೆಂಬುದು ಆತನಿಗೆ ತಿಳಿಯುವ ಬಗೆ ಯಾವುದು? ಅವಳಿಗೇ ಗೊತ್ತಿಲ್ಲ, ಚೀಲದಲ್ಲಿದ್ದ ಕಾಗದಗಳು ಒಂದು ಮಳೆಗಾಲದಲ್ಲಿ ಒದ್ದೆಯಾಗಿ ಹೋದವು. ಮಕ್ಕಳಾಗಿದ್ದಾಗ ಈ ಔಷಧವನ್ನು ಪಡೆದು ಬದುಕಿದವರ ಪಾಡು ಇನ್ನೂ ಸೂಕ್ಷ್ಮವಾದುದು. ಅವರಿಗೆ ಆಯುಷ್ಯಪೂರ್ತಿ ಆಗಾಗ ಹೃದಯದ ಪರೀಕ್ಷೆ ಬೇಕು. ಅಂಥ ಹೆಣ್ಣುಮಕ್ಕಳು ಬೆಳೆದು ಗರ್ಭಿಣಿಯರಾದಾಗ ಹೃದಯದ ಮೇಲೆ ಬೀಳುವ ಹೊರೆಯನ್ನು ಹೆರಿಗೆಯ ವೈದ್ಯರು ಮೊದಲೇ ಅರಿತಿರಬೇಕು.

2010ರಲ್ಲಿ ಕೇಂದ್ರ ಸರಕಾರದವರು ಕ್ಯಾನ್ಸರ್, ಮಧುಮೇಹ, ಹೃದ್ರೋಗ, ಪಾರ್ಶ್ವವಾಯು ಈ ನಾಲ್ಕನ್ನೂ ಒಂದೇ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸೇರಿಸಿದರು. ಹೆಸರಿನಲ್ಲಿ ಒಂದಾದ ಕ್ಯಾನ್ಸರೂ ಹೃದ್ರೋಗವೂ ರೋಗಿಯ ಕಡತದಲ್ಲಿಯೂ ಒಂದಾಗಲಿ ಎಂದು ನಾವು ಕೇಳುವುದು ಅತಿಯಾಸೆಯಲ್ಲ. 2011ರ ಜನಗಣತಿಯಲ್ಲಿ ಸುಮಾರು 11 ಲಕ್ಷ 77 ಸಾವಿರ ಜನರಿದ್ದ ನಮ್ಮ ಜಿಲ್ಲೆ ದೊಡ್ಡದೇನೂ ಅಲ್ಲ. ಪ್ರಯೋಗಕ್ಕೆ ತಕ್ಕ ಗಾತ್ರದ್ದು. ಹೃದಯಕ್ಕೆ ಹಾನಿಮಾಡಬಲ್ಲ ಔಷಧವನ್ನು ಪಡೆಯುವ ಪ್ರತಿಯೊಬ್ಬ ರೋಗಿಗೂ ಒಂದು ಚಿಕ್ಕ ಪುಸ್ತಕವನ್ನು, ಪಿಗ್ಮಿ ಪುಸ್ತಕದಷ್ಟೇ ದೊಡ್ಡದನ್ನು, ಕನ್ನಡದಲ್ಲಿ ಅಚ್ಚುಮಾಡಿಸಿ ಕೊಡಲಿ. ಔಷಧದ ಹೆಸರು, ಆ ದಿನದ ಪ್ರಮಾಣ, ಅಂದಿನವರೆಗಿನ ಮೊತ್ತ, ಎಕೋವಿನ ಅಂಕ, ಮುಂದಿನ ಎಕೋವಿನ ತಾರೀಕು, ಇಷ್ಟಕ್ಕೆ ಅಂಕಣಗಳಿರಲಿ. ಮೊದಲನೆಯ ಎಕೋ ಚಿಕಿತ್ಸೆಗೆ ಮುಂಚೆ, ಕೊನೆಯದು ಚಿಕಿತ್ಸೆ ಮುಗಿದು ಒಂದು ವರ್ಷಕ್ಕೆ. ನಡುವಿನವು ರೋಗಿಯ ಅಪಾಯವನ್ನು ನೋಡಿ ವೈದ್ಯರು ಗೊತ್ತುಮಾಡತಕ್ಕವು. ಇವುಗಳ ವೆಚ್ಚವನ್ನು ಬಡವರ ಪಾಲಿಗೆ ಸರಕಾರದ ಆರೋಗ್ಯ ಯೋಜನೆಯೇ, ಕೀಮೊಥೆರಪಿಯ ಅಂಗವೆಂದೆಣಿಸಿ, ಭರಿಸಲಿ. ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನವನ್ನು ಚಿಕಿತ್ಸೆ ಮುಗಿಸಿದವರ ಹೃದಯ ಪರೀಕ್ಷೆಗೆಂದೇ ಮೀಸಲಿಟ್ಟರೆ, ಅಂಕಗಳು ಒಂದೇ ಯಂತ್ರದಿಂದ, ಒಂದೇ ಕೈಯಿಂದ ಬರುವಂತಾಗುತ್ತದೆ.

ಜಿಲ್ಲೆಯ ಆರೋಗ್ಯಾಧಿಕಾರಿಗಳು ಮಣಿಪಾಲದ ವೈದ್ಯರನ್ನೂ ಕಾಪು ಕಾರ್ಕಳಗಳ ಊರ ವೈದ್ಯರನ್ನೂ ಒಂದು ದಿನ ಕರೆಸಿ ಕೂರಿಸಿದರೆ ಪುಸ್ತಕದ ಅಂಕಣಗಳು ಆ ಸಂಜೆಯೊಳಗೇ ತೀರ್ಮಾನವಾದಾವು. ಅಚ್ಚಿನ ಕೆಲಸಕ್ಕೆ ಉಡುಪಿಯಲ್ಲಿ ಮುದ್ರಣಾಲಯಗಳಿಗೆ ಬರವಿಲ್ಲ.