ಪದವೀಧರರಿಗೆ ಇನ್ನೊಂದು ಮತ ಏಕೆ?

2024ರ ಏಪ್ರಿಲ್ 26ರಂದು ಕರಾವಳಿಯ ಮತದಾರರು ಲೋಕಸಭೆಗೆ ಮತ ಹಾಕಿದರು. ಮೀನು ಮಾರುವ ತಾಯಿಗೂ ಕಾಲೇಜು ಕಲಿತ ಮಗಳಿಗೂ ಅಂದು ಇದ್ದುದು ಒಂದೊಂದೇ ಮತ. ಜೂನ್ 3ರಂದು ವಿಧಾನ ಪರಿಷತ್ತಿನ ನೈಋತ್ಯ ಕ್ಷೇತ್ರಗಳಿಗೆ ಚುನಾವಣೆ ನಡೆದಾಗ ಲೆಕ್ಕ ಬದಲಾಯಿತು. ತಾಯಿಗೆ ಮತವಿಲ್ಲ, ಪದವೀಧರೆಯಾದ ಮಗಳಿಗೆ ಒಂದು ಮತ, ಪದವಿಯೂ ಇರುವ ಪ್ರೌಢಶಾಲಾ ಶಿಕ್ಷಕಿಗೆ ಎರಡು ಮತ. ಕಾನೂನು ಇದನ್ನು ಒಪ್ಪುತ್ತದೆ. ಆದರೆ ಇದು ನ್ಯಾಯವೇ?

ಪರಿಷತ್ತಿನ 75 ಸದಸ್ಯರಲ್ಲಿ 25 ಮಂದಿಯನ್ನು ಶಾಸಕರು, 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, 7 ಮಂದಿಯನ್ನು ಪದವೀಧರರು, 7 ಮಂದಿಯನ್ನು ಶಿಕ್ಷಕರು ಆರಿಸುತ್ತಾರೆ. 11 ಮಂದಿ ನಾಮಕರಣಗೊಳ್ಳುತ್ತಾರೆ. ಸಾಮಾನ್ಯ ಮತದಾರರು ನೇರವಾಗಿ ಆರಿಸುವ ಒಬ್ಬ ಸದಸ್ಯರೂ ಇಲ್ಲಿಲ್ಲ. ಶಿಕ್ಷಕರಲ್ಲೂ ಭೇದವಿದೆ. ಸಂವಿಧಾನದ 171ನೇ ವಿಧಿಯ ಪ್ರಕಾರ ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನ ಹಂತದಲ್ಲಿ ಕಲಿಸುವವರು ಮಾತ್ರ ಶಿಕ್ಷಕರ ಕ್ಷೇತ್ರದ ಮತದಾರರು. ನಮ್ಮ ಧರ್ಮಕೇಂದ್ರಗಳ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುವವರು ಆ ಪಟ್ಟಿಯಲ್ಲಿಲ್ಲ.

ಈ ವ್ಯವಸ್ಥೆಯ ಬೇರು ಹಳೆಯದು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಬಂದವರು ಮುಖ್ಯವಾಗಿ ಜಮೀನುದಾರರು ಮತ್ತು ವ್ಯಾಪಾರಿಗಳು. ಬ್ರಿಟಿಷ್ ಭಾರತದಲ್ಲಿ 1935ರ ಕಾಯ್ದೆಯ ಬಳಿಕವೂ ಆಸ್ತಿ, ತೆರಿಗೆ, ವಿದ್ಯೆ ಇದ್ದ ಸುಮಾರು 3 ಕೋಟಿ ಜನರಿಗೆ ಮಾತ್ರ ಮತವಿತ್ತು. ಆ ಸೀಮಿತ ಮತದಿಂದ ಗೆದ್ದ ಶಾಸಕರೇ 1946ರಲ್ಲಿ ಸಂವಿಧಾನ ಸಭೆಯ ಸದಸ್ಯರನ್ನು ಆರಿಸಿದರು. ಮಂಗಳೂರು ಮೂಲದ ಯೇಸುಸಭೆಯ ಗುರು ವಂ. ಜೆರೋಮ್ ಡಿಸೋಜ ಅವರೂ ಅಲ್ಲಿದ್ದರು. ಹೀಗೆ ಗಣ್ಯರ ಮೂಲಕ ಬಂದ ಸಭೆಯೇ ಅಕ್ಷರ ಬಾರದ ಕೂಲಿಕಾರನಿಗೂ ಮತ ಕೊಟ್ಟಿತು. 1951-52ರ ಮೊದಲ ಮಹಾಚುನಾವಣೆಯಲ್ಲಿ ಮತದಾರರ ಸಂಖ್ಯೆ 17 ಕೋಟಿ ದಾಟಿತು. ಕಲಿತವರಷ್ಟೇ ದೇಶ ಆಳಬಲ್ಲರು ಎಂಬ ವಾದಕ್ಕೆ ಆ ಸಭೆಯೇ ಉತ್ತರ ಕೊಟ್ಟಿತು. ಆದರೆ ಪರಿಷತ್ತಿನ ಮಟ್ಟಿಗೆ ಹಳೆಯ ಭಯ ಸ್ವಲ್ಪ ಉಳಿದುಕೊಂಡಿತು.

ಪರಿಷತ್ತಿನ ಪರವಾದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅವಸರದ ಮಸೂದೆಯನ್ನು ಇನ್ನೊಮ್ಮೆ ನೋಡುವ ಮನೆಯೊಂದು ಬೇಕು. ಮತಾಂತರ ನಿಷೇಧ ಮಸೂದೆ 2021ರ ಡಿಸೆಂಬರ್‌ನಲ್ಲಿ ವಿಧಾನಸಭೆಯಲ್ಲಿ ಅಂಗೀಕಾರವಾದರೂ, ಪರಿಷತ್ತಿನಲ್ಲಿ ಬಹುಮತವಿಲ್ಲದ ಆಗಿನ ಸರಕಾರ ಅಲ್ಲಿ ನಿಂತುಬಿಟ್ಟಿತು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಟಿತು, ಸೆಪ್ಟೆಂಬರ್‌ನಲ್ಲಿ ಪರಿಷತ್ತೂ ಒಪ್ಪಿತು. ಮುಂದಿನ ಸರಕಾರದ ದೇವಸ್ಥಾನಗಳ ತಿದ್ದುಪಡಿ ಮಸೂದೆ 2024ರ ಫೆಬ್ರವರಿಯಲ್ಲಿ ಪರಿಷತ್ತಿನಲ್ಲಿ ಬಿದ್ದುಹೋಯಿತು. ವಿಧಾನಸಭೆ ಅದನ್ನು ಮತ್ತೆ ಅಂಗೀಕರಿಸಿತು. ಅಂದರೆ ಪರಿಷತ್ತು ತಡೆಯಲಾರದು, ತಡ ಮಾಡಬಲ್ಲದು ಅಷ್ಟೆ. ಅಲ್ಪಸಂಖ್ಯಾತರಿಗೆ ಆ ತಡವೂ ಬೆಲೆಯುಳ್ಳದ್ದು. ಮಾತಾಡಲು, ಮನವಿ ಸಲ್ಲಿಸಲು ಸಮಯ ಸಿಗುತ್ತದೆ.

ಆದರೆ ಎರಡೂ ಸಂದರ್ಭಗಳಲ್ಲಿ ತಡೆ ಬಂದದ್ದು ಪಕ್ಷಗಳ ಬಲಾಬಲದಿಂದ, ಪದವೀಧರರ ವಿವೇಕದಿಂದಲ್ಲ. ‘ಚಿಂತಕರ ಚಾವಡಿ’ ಎಂದು ಕರೆಸಿಕೊಳ್ಳುವ ಇದೇ ಮನೆಯಲ್ಲಿ 2020ರ ಡಿಸೆಂಬರ್ 15ರಂದು ಉಪಸಭಾಪತಿಯವರನ್ನು ಪೀಠದಿಂದ ಎಳೆದು ಇಳಿಸಿದ್ದನ್ನು ನಾಡೇ ನೋಡಿತು. ಮತದಾರರು ಕಡಿಮೆ ಇದ್ದಾರೆಂದ ಮಾತ್ರಕ್ಕೆ ಚುನಾವಣೆ ಶುದ್ಧವಾಗುವುದೂ ಇಲ್ಲ. ಲಕ್ಷ ಜನರನ್ನು ಒಲಿಸಿಕೊಳ್ಳುವುದು ಕಷ್ಟ, ಕೆಲವು ಸಾವಿರ ಪಂಚಾಯತ್ ಸದಸ್ಯರನ್ನು ಒಲಿಸಿಕೊಳ್ಳುವುದು ಸುಲಭ. ಅಮೆರಿಕದಲ್ಲಿ ಸೆನೆಟ್ ಸದಸ್ಯರನ್ನು ರಾಜ್ಯಗಳ ಶಾಸಕರೇ ಆರಿಸುತ್ತಿದ್ದರು. ಲಂಚದ ಹಗರಣಗಳು, ವರ್ಷಗಟ್ಟಲೆ ಖಾಲಿ ಉಳಿದ ಸ್ಥಾನಗಳು ಜನರನ್ನು ಬೇಸರಗೊಳಿಸಿದವು. 1913ರಲ್ಲಿ ನೇರ ಚುನಾವಣೆ ಬಂದಿತು. ಬ್ರಿಟನ್ ವಿಶ್ವವಿದ್ಯಾಲಯ ಪದವೀಧರರ ಹೆಚ್ಚುವರಿ ಮತವನ್ನು 1948ರ ಕಾಯ್ದೆಯಿಂದ ತೆಗೆದುಹಾಕಿತು. ನಾವು ಅದನ್ನು ಉಳಿಸಿಕೊಂಡಿದ್ದೇವೆ.

ಹಾಗಾದರೆ ಪರಿಷತ್ತನ್ನೇ ಮುಚ್ಚಬೇಕೇ? ತಮಿಳುನಾಡು 1986ರಲ್ಲಿ ಮುಚ್ಚಿತು. ಆಂಧ್ರ 1985ರಲ್ಲಿ ಮುಚ್ಚಿ 2007ರಲ್ಲಿ ಮತ್ತೆ ತೆರೆಯಿತು. ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಮಾಡಿ ನೋಡಬೇಕು. ಎರಡನೆಯ ಮನೆ ಬೇಕೇ ಎಂಬುದು ಒಂದು. ಅದನ್ನು ಯಾರು ಆರಿಸಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದು ಎಂದವರು ಎರಡನೆಯದಕ್ಕೆ ಈಗಿನ ಉತ್ತರವನ್ನೇ ಒಪ್ಪಬೇಕಾಗಿಲ್ಲ. ಪರಿಷತ್ತಿನ ರಚನೆಯನ್ನು ಸಂಸತ್ತು ಸಾಮಾನ್ಯ ಕಾನೂನಿನಿಂದಲೇ ಬದಲಿಸಬಹುದು ಎಂದು 171ನೇ ವಿಧಿಯಲ್ಲೇ ಇದೆ. ಮೀನುಗಾರರಿಗೆ, ಬೀಡಿ ಕಾರ್ಮಿಕರಿಗೆ, ಪ್ರಾಥಮಿಕ ಶಿಕ್ಷಕರಿಗೆ ಅಲ್ಲಿ ದನಿ ಸಿಗುವಂತೆ ಮಾಡಲು ಕಾನೂನಿನ ಅಡ್ಡಿಯಿಲ್ಲ. ಬೇಕಾದುದು ಮನಸ್ಸು.

ಆ ದಿನ ಬರುವ ತನಕ ನಮ್ಮ ಪದವೀಧರರು ಸುಮ್ಮನಿರಬಾರದು. ಪ್ರತಿ ಚುನಾವಣೆಗೂ ಈ ಮತದಾರರ ಪಟ್ಟಿ ಹೊಸದಾಗಿ ಸಿದ್ಧವಾಗುತ್ತದೆ. ಪದವೀಧರರು ನಮೂನೆ 18, ಶಿಕ್ಷಕರು ನಮೂನೆ 19 ತುಂಬದಿದ್ದರೆ ಹೆಸರು ಸೇರುವುದಿಲ್ಲ. ನಾವು ಬಿಟ್ಟ ಜಾಗವನ್ನು ಪಕ್ಷಗಳು ತುಂಬಿಕೊಳ್ಳುತ್ತವೆ. ಮತ ಕೇಳಲು ಬಂದ ಅಭ್ಯರ್ಥಿಯೊಡನೆ ನಮ್ಮ ಬಡ್ತಿ, ಪಿಂಚಣಿಯ ವಿಷಯವನ್ನಷ್ಟೇ ಮಾತಾಡಿದರೆ ಸಾಲದು. ಅಂದು ಮತವಿಲ್ಲದೆ ಮನೆಯಲ್ಲಿ ಉಳಿಯುವ ತಾಯಿಯ ಪರವಾಗಿಯೂ ಪ್ರಶ್ನೆ ಕೇಳೋಣ. ಅವಳ ದುಡಿಮೆಯಿಂದಲೇ ನಮ್ಮಲ್ಲಿ ಅನೇಕರಿಗೆ ಈ ಪದವಿ, ಈ ಮತ ದೊರೆತಿದೆ.